ಮೇಷ್ಟ್ರ ಬೆನ್ನು

ಅಪ್ಪ ತೀರಿಕೊಂಡು ತಿಂಗಳೂ ಕಳೆದಿರಲಿಲ್ಲ, ಅವರ ಹಳೆಯ ಶಿಷ್ಯರು ನಾಲ್ಕೈದು ಮಂದಿ ಅಂಗಡಿಗೆ ಬಂದು ಸಾಲಾಗಿ ನಿಂತರು. ಮುಂದೆ ನಿಂತವನು ಬ್ಯಾಂಕಿನ ಮ್ಯಾನೇಜರ್. ಅವನ ತಲೆಯಲ್ಲಿ ಈಗ ಕೂದಲಿಗಿಂತ ಅಪ್ಪನ ಮಾತುಗಳೇ ಹೆಚ್ಚು ಉಳಿದಿವೆ.

"ಅಕ್ಕಾ, ಶಾಲೆ ಹಾಲ್‌ನಲ್ಲಿ ಮೇಷ್ಟ್ರದ್ದೊಂದು ದೊಡ್ಡ ಫೋಟೋ ಹಾಕ್ಬೇಕು ಅಂತ ಮಾಡಿದ್ದೀವಿ. ಭಾನುವಾರ ಎಲ್ಲರೂ ಸೇರ್ತೀವಿ. ನೀವೂ ಎರಡು ಮಾತಾಡ್ಬೇಕು."

"ಗೋಡೆ ಎಂಥದು?" ಅಂದೆ.

"ಅಂದ್ರೆ?"

"ಇಟ್ಟಿಗೆನಾ, ಹಲಗೆನಾ? ಫೋಟೋ ತಾನಾಗೇ ಗೋಡೆಗೆ ಅಂಟ್ಕೊಳ್ಳಲ್ವಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. "ನೋಡ್ರಪ್ಪಾ, ಮೇಷ್ಟ್ರ ಮಗಳು ಅಂದ್ರೆ ಇದು! ಒಂದು ಕೇಳಿದ್ರೆ ತಿರುಗಿ ಪ್ರಶ್ನೆನೇ ಬರುತ್ತೆ" ಎಂದ ಮ್ಯಾನೇಜರ್. ಅವನ ಕಣ್ಣು ಒದ್ದೆಯಾಗಿತ್ತು.

ನನಗೆ ಮೈ ಉರಿಯಿತು. ನಾನು ಕೇಳಿದ್ದು ಯಾವ ಸ್ಕ್ರೂ ಕೊಡಬೇಕೆಂದು ತಿಳಿಯಲಿಕ್ಕೆ, ಅವನಿಗೆ ಬುದ್ಧಿ ಕಲಿಸಲಿಕ್ಕಲ್ಲ. ಇಟ್ಟಿಗೆ ಗೋಡೆ ಎಂದ ಮೇಲೆ ಉದ್ದನೆಯ ಸ್ಕ್ರೂ, ಅದಕ್ಕೆ ತಕ್ಕ ಪ್ಲಾಸ್ಟಿಕ್ ಬಿರಡೆ ಪೊಟ್ಟಣ ಕಟ್ಟಿ ಕೈಗಿಟ್ಟೆ. "ಇದನ್ನೇ ಹಾಕಿ. ಬೇರೇದು ಹಾಕಿದ್ರೆ ಮೇಷ್ಟ್ರು ಯಾರದಾದ್ರೂ ತಲೆ ಮೇಲೆ ಬೀಳ್ತಾರೆ" ಅಂದೆ. ಅದಕ್ಕೂ ನಕ್ಕರು. ಅಪ್ಪನ ಮಗಳೆಂಬ ಒಂದೇ ಕಾರಣಕ್ಕೆ ನನ್ನ ಕಟುಮಾತು ಈ ಊರಿನಲ್ಲಿ ತಮಾಷೆಯಾಗಿ ಮಾರಾಟವಾಗುತ್ತದೆ.

ಅವರು ಹೋದಮೇಲೆ ಗಲ್ಲಾದ ಮೇಲೆ ಎಡಗೈ ಊರಿಕೊಂಡು ಕೂತೆ. ನನ್ನ ಎಡಗೈಯ ಉಂಗುರದ ಬೆರಳು ನೆಟ್ಟಗಿಲ್ಲ. ಮೇಲಿನ ಗೆಣ್ಣಿನಿಂದ ಆಚೆಗೆ ಪಕ್ಕಕ್ಕೆ ವಾಲಿದೆ, ಉಗುರು ಬೆಳೆಯುವುದಿಲ್ಲ. ಎರಡು ಮಾತಾಡಬೇಕಂತೆ. ಆಡೋಣ, ಈ ಬೆರಳಿನ ಮಾತನ್ನೇ ಆಡೋಣ ಎಂದು ಅವತ್ತೇ ನಿರ್ಧಾರ ಮಾಡಿದೆ.

ಅಪ್ಪನ ಬಗ್ಗೆ ಮೊದಲು ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮಗಳಿಗೆ ಹೊಟ್ಟೆಕಿಚ್ಚು ಅಂದಾರು.

ಅಂಗಡಿ ನಮ್ಮ ತಾತ ಮಾಡಿದ್ದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೊಳೆ, ಸ್ಕ್ರೂ, ಚಿಲಕ, ಬೀಗ, ಬಾಗಿಲ ಕೀಲು, ನಲ್ಲಿಯ ವಾಷರು, ಬಣ್ಣದ ಡಬ್ಬ, ಹಗ್ಗ, ಇಂಥವು. ಗಲ್ಲಾದ ಹಿಂದೆ ನೆಲದಿಂದ ಸೂರಿನವರೆಗೆ ಮರದ ಸಣ್ಣ ಸಣ್ಣ ಡ್ರಾಯರುಗಳು. ಒಳಗೇನಿದೆಯೋ ಅದರದ್ದೇ ಒಂದನ್ನು ಡ್ರಾಯರಿನ ಮುಖಕ್ಕೆ ತಂತಿಯಲ್ಲಿ ಬಿಗಿದಿದ್ದರು. ಕೆಳಗಿನ ಮೂಲೆಯಲ್ಲೊಂದು ಬೆರಕೆ ಡ್ರಾಯರು. ನೆಲಕ್ಕೆ ಬಿದ್ದದ್ದು, ಗಿರಾಕಿ ಬೇಡವೆಂದು ಬಿಟ್ಟದ್ದು ಎಲ್ಲ ಅದಕ್ಕೆ. ಅಪ್ಪ ಬಿಡುವಾದಾಗ ಅದನ್ನು ಎಳೆದುಕೊಂಡು, ನಮಗೆ ಬೆನ್ನು ಮಾಡಿ ಕೂತು, ಒಂದೊಂದನ್ನೇ ಆರಿಸಿ ಅದರದರ ಜಾಗಕ್ಕೆ ಹಾಕುತ್ತಿದ್ದರು. ಅದು ಯಾವತ್ತೂ ಖಾಲಿಯಾದದ್ದನ್ನು ನಾನು ಕಂಡಿಲ್ಲ.

ಬೆಳಿಗ್ಗೆ ಅಂಗಡಿ, ಆಮೇಲೆ ಶಾಲೆಯಲ್ಲಿ ಲೆಕ್ಕದ ಪಾಠ, ಸಂಜೆ ಮತ್ತೆ ಅಂಗಡಿ. ನಡುವೆ ಅಮ್ಮ ಗಲ್ಲಾದಲ್ಲಿ ಕೂರುತ್ತಿದ್ದಳು. ಅಪ್ಪನ ಅಂಗಿಯ ಒಂದು ತೋಳಿಗೆ ಸೀಮೆಸುಣ್ಣ, ಇನ್ನೊಂದಕ್ಕೆ ತುಕ್ಕು. ಎರಡನ್ನೂ ಒಗೆದು ಒಗೆದು ಅಮ್ಮನ ಕೈ ಒರಟಾಗಿತ್ತು.

ಬೇರೆ ಮೇಷ್ಟ್ರುಗಳು ಬೆತ್ತ ಮುರಿಯುವಂತೆ ಬಾರಿಸುತ್ತಿದ್ದ ಕಾಲದಲ್ಲಿ ಅಪ್ಪ ಒಂದು ಮಗುವಿನ ಮೇಲೂ ಕೈ ಎತ್ತಲಿಲ್ಲ. ಸಂಜೆ ಅಂಗಡಿಯ ಮುಂದೆ ಮಕ್ಕಳು ಖಾಲಿ ಬಣ್ಣದ ಡಬ್ಬಗಳನ್ನು ಬೋರಲು ಹಾಕಿಕೊಂಡು ಕೂರುತ್ತಿದ್ದರು, ಪುಕ್ಕಟೆ ಪಾಠ. ಯಾರ ಮನೆಯ ಬೀಗ ಕೆಟ್ಟರೂ ಹೋಗಿ ಬಿಚ್ಚಿಕೊಡುತ್ತಿದ್ದರು. ಊರಿನ ನಾಯಿಗಳೂ ಅವರನ್ನು ಕಂಡರೆ ಬಾಲ ಅಲ್ಲಾಡಿಸುತ್ತಿದ್ದವು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಅವರಿಗೊಂದು ವ್ರತವಿತ್ತು. ಯಾರಿಗೂ, ಯಾವತ್ತಿಗೂ, ಯಾವುದಕ್ಕೂ ಉತ್ತರ ಹೇಳುತ್ತಿರಲಿಲ್ಲ. "ನಿನಗೇನನ್ಸುತ್ತೆ?" ಎಂದು ಕೇಳಿ ಕಾಯುವುದು. ನಾವು ತಪ್ಪು ಹೇಳಿದರೆ ಮುಖವನ್ನೇ ನೋಡುತ್ತಾ "ಇನ್ನೂ ಸ್ವಲ್ಪ ಯೋಚಿಸು" ಅನ್ನುವುದು. ಹೇಳಿಕೊಟ್ಟ ಉತ್ತರ ಬಾಡಿಗೆ ಮನೆಯಂತೆ, ಯಾವಾಗ ಬೇಕಾದರೂ ಖಾಲಿ ಮಾಡಬೇಕಾಗುತ್ತದೆ, ತಾನೇ ಕಂಡುಕೊಂಡದ್ದು ಮಾತ್ರ ಸ್ವಂತದ್ದು ಎಂದು ಅವರ ನಂಬಿಕೆ. ಮಕ್ಕಳು ಅವರಿಗೆ ಯೋಚ್ನೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು.

ವ್ರತ ಅಂಗಡಿಗೂ ಅನ್ವಯ. ಒಂದು ಸಲ ಬೇಕರಿಯವರು ಮನೆಯಲ್ಲಿ ನಲ್ಲಿ ಸೋರುತ್ತಿದೆಯೆಂದು ಓಡಿಬಂದರು.

"ನೀರು ಎಲ್ಲಿಂದ ಬರ್ತಿದೆ? ಬಾಯಿಂದಾನಾ, ಕತ್ತಿಂದಾನಾ?"

"ಅದೆಲ್ಲ ನೋಡಿಲ್ಲ ಮೇಷ್ಟ್ರೇ, ಒಂದು ವಾಷರ್ ಕೊಡಿ ಮಾರಾಯ್ರೇ!"

"ನೋಡದೇ ಯಾವುದು ಅಂತ ಕೊಡೋದು? ನಿಮಗೇನನ್ಸುತ್ತೆ?"

ಬೇಕರಿಯವರು ಮನೆಗೆ ಓಡಿ, ನೋಡಿ, ಮತ್ತೆ ಬಂದು, ವಾಷರ್ ಒಯ್ಯುವಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆಗಳು ತೇಲುತ್ತಿದ್ದುವಂತೆ. ಆದರೂ ಅವರಿಗೆ ಸಿಟ್ಟು ಬರಲಿಲ್ಲ. ಇವತ್ತಿಗೂ ಅದನ್ನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳುತ್ತಾರೆ. ಪ್ರೀತಿಸುವ ಮನುಷ್ಯನಿಂದಾದ ನಷ್ಟ ಜನರಿಗೆ ಆಸ್ತಿಯಂತೆ ಕಾಣುತ್ತದೆ.

ಅಮ್ಮನಿಗೆ ಮಾತ್ರ ಈ ವ್ರತ ರುಚಿಸಿರಲಿಲ್ಲ. ಅಡುಗೆಗೆ ಉಪ್ಪು ಸರಿಯಾಗಿದೆಯೇ ಎಂದರೂ "ನಿನಗೇನನ್ಸುತ್ತೆ?" ಎನ್ನುವ ಗಂಡನ ಜೊತೆ ಅವಳು ಬಾಳಿದಳು. "ನಿಮ್ಮಪ್ಪನ್ನ ಕೇಳೋದೂ ಒಂದೇ, ಗೋಡೆನ ಕೇಳೋದೂ ಒಂದೇ" ಅನ್ನುತ್ತಿದ್ದಳು. "ಗೋಡೆನೇ ವಾಸಿ. ತಿರುಗಿ ಪ್ರಶ್ನೆ ಕೇಳಲ್ಲ."

ಆದರೆ ನಮ್ಮೂರಿನವರೇನು ಕಡಿಮೆ ಆಸಾಮಿಗಳೇ? ಗುರುವಿಗೆ ತಿರುಮಂತ್ರ ಕಂಡುಹಿಡಿದಿದ್ದರು. ಉತ್ತರ ತಪ್ಪಿದ್ದರೆ ಮೇಷ್ಟ್ರು ಮುಖ ನೋಡುತ್ತಾರೆ. ಸರಿಯಿದ್ದರೆ ಬೆನ್ನು ತಿರುಗಿಸಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ತರಗತಿಯಲ್ಲಾದರೆ ಹಲಗೆ ಒರೆಸುವುದು, ಅಂಗಡಿಯಲ್ಲಾದರೆ ಬೆರಕೆ ಡ್ರಾಯರು ಎಳೆಯುವುದು. ಅವರ ಪಾಠ ಕೇಳಿದ ಪ್ರತಿಯೊಬ್ಬರಿಗೂ ಇದು ಗೊತ್ತು. "ಹದಿನಾಲ್ಕಾ ಸಾರ್? ಅಲ್ವಾ? ಹದಿನಾರಾ? ಹದಿನೆಂಟಾ ಸಾರ್?" ಎಂದು ಹೇಳುತ್ತಾ ಹೋಗುವುದು, ಅವರು ತಿರುಗಿದ ಕೂಡಲೇ ನಿಲ್ಲಿಸುವುದು. ದೊಡ್ಡವರೂ ಅಷ್ಟೇ. "ಎರಡೂವರೆ ಇಂಚಿನ ಮೊಳೆನಾ? ಮೂರಿಂಚಾ?" ಅಪ್ಪ ತಿರುಗಿದರೆ ಮೂರಿಂಚು. ಅಮ್ಮ ಕೂಡ ಉಪ್ಪಿನ ವಿಷಯವನ್ನು ಹೀಗೇ ತೀರ್ಮಾನ ಮಾಡಿಕೊಳ್ಳುತ್ತಿದ್ದಳು. ಇದು ಅಪ್ಪನಿಗೂ ಗೊತ್ತಿರುವ ಆಟ, ಮುಗುಳ್ನಗು ಮುಚ್ಚಿಕೊಳ್ಳಲಿಕ್ಕೇ ಅವರು ತಿರುಗುವುದು ಎಂದು ನಾನು ತಿಳಿದಿದ್ದೆ.

ನನಗೆ ಸಂಬಂಧ ಬಂದದ್ದು ಪಕ್ಕದ ಊರಿನ ವಿಮಾ ಕಚೇರಿಯ ಗುಮಾಸ್ತನದು. ಹುಡುಗ ಚಿಕ್ಕಂದಿನಲ್ಲಿ ನಮ್ಮೂರಲ್ಲೇ, ಅಪ್ಪನ ಕೈಯಲ್ಲೇ ಓದಿದವನು. ಮನೆಗೆ ಬಂದ. ಎತ್ತರದ ಆಳು, ತಗ್ಗಿದ ದನಿ. ಲೋಟ ಕೆಳಗಿಡುವಾಗಲೂ ಸದ್ದಾಗದಂತೆ ಇಟ್ಟ. ಅಮ್ಮನಿಗೆ ಆ ಲೋಟ ಇಟ್ಟ ರೀತಿಯೇ ಹಿಡಿಸಿಬಿಟ್ಟಿತು. ನಮ್ಮ ಮನೆಯಲ್ಲಿ ತಂತಿ, ತಗಡು, ಸರಪಳಿಯ ಸದ್ದು ಕೇಳಿ ಸಾಕಾಗಿದ್ದವಳು ಅವಳು.

"ಹುಡುಗ ನಿಮ್ಮಪ್ಪನ ಶಿಷ್ಯ. ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಹೋಗಿ ನೀನೇ ಕೇಳು. ನಿನ್ನ ಮದುವೆ ವಿಷಯ, ನಿನಗಾದ್ರೂ ಬಾಯಿ ಬಿಡ್ತಾರೇನೋ" ಎಂದಳು.

ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ಅಪ್ಪ ಗಲ್ಲಾದ ಆಚೆ ನಿಂತಿದ್ದರು.

"ಅಪ್ಪಾ, ಆ ಹುಡುಗ ಹೇಗೆ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. "ನೀನೂ ನೋಡಿದ್ಯಲ್ಲ. ನಿನಗೇನನ್ಸುತ್ತೆ?"

"ನನ್ನದಿರ್ಲಿ. ನಿಮ್ಮ ಹತ್ರ ಓದಿದವನಲ್ವಾ? ನೀವು ಹೇಳಿ."

"ನಾನು ಹೇಳಿದ್ರೆ ಅದು ನನ್ನ ಉತ್ತರ ಆಗುತ್ತೆ. ಬದುಕೋಳು ನೀನು."

ಎಷ್ಟು ದೊಡ್ಡ ಮಾತು! ಆಗ ನನಗೆ ಹೆಮ್ಮೆಯೇ ಆಯಿತು. ಬೇರೆ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಕೇಳುವವರೇ ಇರಲಿಲ್ಲ. ನಾನು ಯೋಚಿಸಿ ಹೇಳಿದೆ: "ಮೆತ್ತಗೆ ಮಾತಾಡ್ತಾನೆ. ಸಿಟ್ಟಿನವನ ಹಾಗೆ ಕಾಣಲ್ಲ. ಒಳ್ಳೆಯವನು ಅನ್ಸುತ್ತೆ."

ಅಪ್ಪ ನನ್ನ ಮುಖ ನೋಡಿದರು. ನಾನು ಇನ್ನೊಮ್ಮೆ, ಗಟ್ಟಿಯಾಗಿ, "ಒಳ್ಳೆಯವನೇ ಅಪ್ಪ" ಎಂದೆ.

ಅವರು ತಿರುಗಿದರು. ಬಗ್ಗಿ ಬೆರಕೆ ಡ್ರಾಯರು ಎಳೆದುಕೊಂಡರು.

ನಾನು ಒಳಗೆ ಓಡಿದೆ. "ಅಮ್ಮಾ, ಅಪ್ಪ ತಿರುಗಿದ್ರು!"

ಅಮ್ಮ ಸೌಟು ಹಿಡಿದುಕೊಂಡೇ ನನ್ನನ್ನು ತಬ್ಬಿಕೊಂಡಳು. ಒಬ್ಬ ಮನುಷ್ಯನ ಬೆನ್ನು ನೋಡಿ ಮದುವೆ ನಿಶ್ಚಯವಾದದ್ದು ಭೂಮಿಯ ಮೇಲೆ ನಮ್ಮ ಮನೆಯಲ್ಲಿ ಮಾತ್ರ ಇರಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನನ್ನ ಮದುವೆಗೆ ಒಂದೇ ಒಂದು ಸುಳ್ಳೂ ಬೇಕಾಗಲಿಲ್ಲ.

ಗಂಡ ಯಾವತ್ತೂ ದನಿ ಎತ್ತಲಿಲ್ಲ. ನಾನು ನೋಡಿ ಹೇಳಿದ್ದೇನೂ ತಪ್ಪಾಗಿರಲಿಲ್ಲ, ಸಿಟ್ಟು ಅವನ ಮುಖಕ್ಕೆ ಬರುತ್ತಲೇ ಇರಲಿಲ್ಲ. ಅದು ಬೇರೆಲ್ಲೋ ಹೋಗಿ ಕೂತು ಕಾಯುತ್ತಿತ್ತು. ನಾನು ಏನಾದರೂ ಅಂದ ವಾರದ ಮೇಲೆ ನನಗಿಷ್ಟವಾದ ಲೋಟ ಒಡೆದಿರುತ್ತಿತ್ತು. ಅಮ್ಮನ ಮನೆಗೆ ಹೊರಟ ದಿನವೇ ಬೀಗದ ಕೈ ಕಾಣೆಯಾಗುತ್ತಿತ್ತು. ಅವನೂ ನನ್ನ ಜೊತೆ ಹುಡುಕುತ್ತಿದ್ದ, ಪಾಪ.

ಒಂದು ಭಾನುವಾರ ಅವನ ಕಚೇರಿಯ ಸ್ನೇಹಿತರು ಬಂದಿದ್ದರು. ಯಾವುದೋ ಊರಿಗೆ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಮಾತು ಬಂತು. ಅವನೊಂದು ಹೇಳಿದ, ನಾನು ಅಲ್ಲ ಅಂದೆ. ನೋಡಿದರೆ ನಾನು ಹೇಳಿದ್ದೇ ಸರಿ. ಸ್ನೇಹಿತರು "ಮೇಷ್ಟ್ರ ಮಗಳ ಹತ್ರ ನಿನ್ನ ಆಟ ನಡೆಯಲ್ಲ ಬಿಡಪ್ಪಾ" ಎಂದು ಅವನ ಬೆನ್ನಿಗೆ ತಟ್ಟಿದರು. ಅವನೂ ನಕ್ಕ. ಅವರು ಹೋದರು, ನಾನು ಲೋಟ ತೊಳೆದೆ.

"ಇಲ್ಲಿ ಬಾ ಸ್ವಲ್ಪ" ಎಂದು ಕೋಣೆಯಿಂದ ಕರೆದ. "ಈ ಬಾಗಿಲು ಕಿರ್ ಅಂತಿದೆ ನೋಡು. ನೀವು ಕಬ್ಬಿಣ ಸಾಮಾನಿನವರಲ್ವಾ? ಕೀಲು ಸಡಿಲ ಆಗಿದೆಯಾ ಅಂತ ಮುಟ್ಟಿ ನೋಡು."

ನಾನು ಮುಟ್ಟಿ ನೋಡಿದೆ. ಅವನು ಬಾಗಿಲು ಹಾಕಿದ.

ದಡಾರೆಂದಲ್ಲ. ನಿಧಾನವಾಗಿ, ಭುಜ ಕೊಟ್ಟು, ಲೋಟ ಕೆಳಗಿಟ್ಟಷ್ಟೇ ಮೆತ್ತಗೆ. ಆಮೇಲೆ ಅವನೇ ಬಟ್ಟೆ ಸುತ್ತಿದ, ಅವನೇ ಡಾಕ್ಟರ ಬಳಿ ಕರೆದುಕೊಂಡು ಹೋದ, "ನಮ್ಮವಳಿಗೆ ಎಚ್ಚರಿಕೆನೇ ಇಲ್ಲ ಡಾಕ್ಟ್ರೇ" ಎಂದ. ಡಾಕ್ಟರು ನನಗೆ ಬುದ್ಧಿ ಹೇಳಿದರು. ಮಾರನೆಯ ದಿನ ಅವನು ಕಚೇರಿಗೆ ಹೋದ ಮೇಲೆ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿ ತವರಿಗೆ ಬಂದೆ.

ಅಮ್ಮ ಕೈ ನೋಡಿ ನನ್ನನ್ನು ಒಳಗೆ ಕರೆದು ಕೂರಿಸಿದಳು. ಅಪ್ಪ ಬಾಗಿಲಲ್ಲೇ ನಿಂತು, "ಹೇಗಾಯ್ತು?" ಎಂದರು. "ಬಾಗಿಲ ಕೀಲಿನ ಸಂದಿಗೆ ಸಿಕ್ತು" ಎಂದೆ. ಅಪ್ಪ ಮತ್ತೇನೂ ಕೇಳಲಿಲ್ಲ. ಬೇಕರಿಯವರ ನಲ್ಲಿಯ ಬಗ್ಗೆ ಅಷ್ಟು ಪ್ರಶ್ನೆ ಕೇಳಿದ್ದ ಮನುಷ್ಯ, ಮಗಳ ಬೆರಳಿನ ಬಗ್ಗೆ ಎರಡನೆಯ ಪ್ರಶ್ನೆ ಕೇಳಲಿಲ್ಲ. ಯಾಕೆಂದು ನನಗೆ ಗೊತ್ತಾದದ್ದು ವಾರದ ನಂತರ, ಬಡಗಿಯಿಂದ.

ಬಡಗಿ ನಮ್ಮ ಅಂಗಡಿಯ ಖಾಯಂ ಗಿರಾಕಿ. ನನಗಿಂತ ಸ್ವಲ್ಪ ದೊಡ್ಡವನು, ಅಪ್ಪನ ಶಿಷ್ಯನೇ. ಅಪ್ಪ ಶಾಲೆಗೆ ಹೋಗಿದ್ದರು, ನಾನು ಗಲ್ಲಾದಲ್ಲಿದ್ದೆ. ಕೀಲು ಬೇಕೆಂದು ಬಂದವನು ನನ್ನ ಬ್ಯಾಂಡೇಜು ನೋಡಿದ. ಆಮೇಲೆ ತನ್ನ ಎಡಗೈಯನ್ನು ಗಲ್ಲಾದ ಮೇಲೆ ನನ್ನ ಕೈಯ ಪಕ್ಕ ಇಟ್ಟ. ಅವನ ಉಂಗುರದ ಬೆರಳು ಸೊಟ್ಟಗಿರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಬಡಗಿಗಳ ಕೈ ಹಾಗೇ ಇರುತ್ತದೆಂದು ತಿಳಿದಿದ್ದೆ.

"ಬಾಗಿಲು ಕಿರ್ ಅಂತಿದೆ, ಮುಟ್ಟಿ ನೋಡು ಅಂದ್ನಾ?" ಎಂದ.

"ನಿನಗೆ ಹೇಗೆ ಗೊತ್ತು?"

"ನಂದು ಶಾಲೆ ಬಾಗಿಲು. ಲೆಕ್ಕದಲ್ಲಿ ಅವನಿಗಿಂತ ಮುಂಚೆ ಉತ್ತರ ಹೇಳಿದ್ದೆ. ಎಲ್ಲರೂ ಹೋಗೋವರೆಗೂ ಕಾದು ಕರೆದ."

"ಅಪ್ಪನಿಗೆ ಗೊತ್ತಾ?"

"ಗೊತ್ತಿಲ್ದೇ ಏನು? ಮೇಷ್ಟ್ರು ಜಗಲಿ ಆ ತುದೀಲಿ ನಿಂತು ಕಣ್ಣಾರೆ ನೋಡಿದ್ರು. ಸೈಕಲ್ ಮೇಲೆ ನನ್ನ ಕೂರಿಸ್ಕೊಂಡು ಡಾಕ್ಟ್ರ ಹತ್ರ ಹೋದೋರೂ ಅವರೇ. ಅವನಿಗೆ ಒಂದೇಟು ಹೊಡೀಲಿಲ್ಲ ನೋಡು! ಮಾರನೇ ದಿನ ಎದುರಿಗೆ ಕೂರಿಸ್ಕೊಂಡು, ಯಾಕೆ ಮಾಡ್ದೆ, ಅವನಿಗೆ ಹೇಗಾಗಿರುತ್ತೆ, ನಿನಗೇನನ್ಸುತ್ತೆ ಅಂತ ಸಂಜೆವರೆಗೂ ಕೇಳಿದ್ರು. ಕೊನೆಗೆ ಅವನೇ ಅತ್ತು, ತಪ್ಪಾಯ್ತು ಅಂದ. ಮೇಷ್ಟ್ರು ಆಗ ಎದ್ದು ಹಲಗೆ ಒರೆಸಿದ್ರು. ಎಂಥ ಮನುಷ್ಯ!"

ಬಡಗಿಯ ಕಣ್ಣಲ್ಲಿ ಭಕ್ತಿ ತುಂಬಿತ್ತು. ಅವನಿಗೆ ಬೆರಳು ಹೋದದ್ದು ನೆನಪಿಲ್ಲ, ಸೈಕಲ್ಲು ನೆನಪಿದೆ.

"ಮದುವೆಗೆ ಮುಂಚೆ ನೀನಾದ್ರೂ ಹೇಳಬಾರದಿತ್ತಾ?" ಎಂದೆ.

ಅವನು ತಲೆ ತಗ್ಗಿಸಿದ. "ಮೇಷ್ಟ್ರೇ ಮಗಳನ್ನ ಕೊಡ್ತಿದ್ದಾರೆ ಅಂದ್ಮೇಲೆ… ಅವರಿಗಿಂತ ಹೆಚ್ಚು ನನಗೇನು ಗೊತ್ತು ಅಂದ್ಕೊಂಡೆ ತಂಗಿ." ಕೀಲು ತೆಗೆದುಕೊಳ್ಳುವುದನ್ನೂ ಮರೆತು ಹೋದ.

ಸಂಜೆ ಅಪ್ಪ ಬಂದು ಅಂಗಿಯ ತೋಳು ಕೊಡವುತ್ತಿದ್ದರು. ಮಕ್ಕಳು ಇನ್ನೂ ಬಂದಿರಲಿಲ್ಲ. ನಾನು ಒಂದೇ ಮಾತು ಕೇಳಿದೆ.

"ಅವನು ಎಂಥವನು ಅಂತ ನಿಮಗೆ ಗೊತ್ತಿತ್ತಾ?"

"ನಿನಗೇನನ್ಸು—" ಅಭ್ಯಾಸಬಲದಿಂದ ಮಾತು ಬಾಯಿಗೆ ಬಂತು. ಅರ್ಧಕ್ಕೆ ನಿಂತಿತು.

"ನನಗೆ ಅನ್ಸೋದು ಬೇಡ ಅಪ್ಪ. ಗೊತ್ತಿತ್ತು ಅನ್ನಿ, ಗೊತ್ತಿರಲಿಲ್ಲ ಅನ್ನಿ. ಜನ್ಮಕ್ಕೊಂದು ಸಲ ಉತ್ತರ ಹೇಳಿ."

ಅವರು ತಿರುಗಿದರು. ಬಗ್ಗಿದರು. ಡ್ರಾಯರು ಎಳೆದರು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಬೆನ್ನಿನ ಜೊತೆ ಒಂದೇ ಅಂಗಡಿಯಲ್ಲಿ ಬದುಕಿದೆ. ಗಂಡನ ಸಂಬಂಧ ಕಾನೂನಿನ ಪ್ರಕಾರ ಕಡಿದುಹೋಯಿತು. ಅವನು ವರ್ಗ ಮಾಡಿಸಿಕೊಂಡು ದೂರ ಹೋಗಿ ಮತ್ತೊಬ್ಬಳನ್ನು ಕಟ್ಟಿಕೊಂಡನಂತೆ. ಅಲ್ಲಿಯ ಬಾಗಿಲುಗಳು ಹೇಗಿವೆಯೋ. ಅಮ್ಮನಿಗೆ ಬಡಗಿ ಹೇಳಿದ್ದನ್ನೆಲ್ಲ ಹೇಳಿದ್ದೆ. ಅವಳು ಅಪ್ಪನನ್ನು ಏನೂ ಕೇಳಲಿಲ್ಲ. ಕೇಳುವುದನ್ನೇ ಬಿಟ್ಟಳು. ಉಪ್ಪು ಸರಿಯಾಗಿದೆಯೇ ಎಂದು ಕೂಡ ಕೇಳದೆ ಬಡಿಸುತ್ತಿದ್ದಳು, ಅಪ್ಪ ಹೇಗಿದ್ದರೆ ಹಾಗೆ ತಿನ್ನುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಒಂದೇ ಒಂದು ದಿನ ಅಂದಳು, ಅದೂ ಪಾತ್ರೆ ಉಜ್ಜುತ್ತಾ, ಪಾತ್ರೆಗೆ ಹೇಳುವ ಹಾಗೆ. ಕೆಲವು ವರ್ಷಗಳಲ್ಲಿ ಕಣ್ಣು ಮುಚ್ಚಿದಳು.

ನಾನು ಅಪ್ಪನಿಗೆ ತದ್ವಿರುದ್ಧವಾಗಿ ಬೆಳೆದೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಉತ್ತರ. ಈ ಬಣ್ಣ ಬೇಡ, ಸುಲಿಯುತ್ತೆ. ಆ ಬೀಗ ತಗೋಬೇಡಿ, ಬೀದಿ ಮಕ್ಕಳು ಬಿಚ್ಚುತ್ತಾರೆ. ಯಾರದ್ದಾದರೂ ಮಗಳಿಗೆ ಸಂಬಂಧ ನೋಡುತ್ತಿದ್ದಾರೆಂದು ಕಿವಿಗೆ ಬಿದ್ದರೆ, ಹುಡುಗನ ಬಗ್ಗೆ ನನಗೆ ಗೊತ್ತಿರುವುದನ್ನು ಮನೆಗೇ ಹೋಗಿ ಹೇಳಿಬರುತ್ತಿದ್ದೆ. ಎರಡು ಮದುವೆ ಮುರಿದಿದ್ದೇನೆ. ನಮ್ಮೂರಲ್ಲಿ ನನ್ನನ್ನು ಕಂಡರೆ ಆಗದವರು ಬೇಕಾದಷ್ಟು ಮಂದಿ. "ಅಪ್ಪ ಅಂಥ ದೇವರಂಥ ಮನುಷ್ಯ, ಈ ಮಗಳ ಬಾಯೋ!" ಅನ್ನುತ್ತಾರೆ. ನಾನು ಮುರಿದ ಮದುವೆಯ ಹೆಣ್ಣುಮಕ್ಕಳ ಬೆರಳುಗಳು ಮಾತ್ರ ಹತ್ತೂ ನೆಟ್ಟಗಿವೆ.

ಅಪ್ಪ ನಿವೃತ್ತರಾದ ಮೇಲೆ ದಿನವಿಡೀ ಅಂಗಡಿಯಲ್ಲೇ. ಅವಸರದವರು ನನ್ನ ಹತ್ತಿರ, ಪುರುಸೊತ್ತಿನವರು ಅವರ ಹತ್ತಿರ. ನಾನು ವರ್ಷಕ್ಕೊಂದು ಸಲವಾದರೂ ಅದೇ ಪ್ರಶ್ನೆ ಕೇಳುತ್ತಿದ್ದೆ. ಡ್ರಾಯರು ಎಳೆಯುವ ಸದ್ದೇ ಉತ್ತರ. ಆಮೇಲೆ ನಾನೂ ಬಿಟ್ಟೆ.

ಕೊನೆಗೆ ಅವರು ಆಸ್ಪತ್ರೆ ಸೇರಿದರು. ಎದೆಯಲ್ಲಿ ನೀರು ತುಂಬಿತ್ತು. ನೋಡಲು ಬಂದವರ ಸಾಲು ಮೆಟ್ಟಿಲವರೆಗೆ. ಒಂದು ಬೆಳಿಗ್ಗೆ, ಇನ್ನೂ ಜನ ಬರುವ ಮೊದಲು, ನಾನು ಅವರ ಮುಖ ಒರೆಸುತ್ತಿದ್ದಾಗ ನನ್ನ ಎಡಗೈ ಹಿಡಿದುಕೊಂಡರು. ಸೊಟ್ಟ ಬೆರಳನ್ನು ಹೆಬ್ಬೆರಳಿನಿಂದ ಸವರಿದರು.

"ಗೊತ್ತಿತ್ತು" ಎಂದರು.

ನಾನು ಬಟ್ಟೆ ಬಟ್ಟಲಿಗೆ ಹಾಕಿ ಕೂತೆ.

"ಅವನು ಬದಲಾಗಿದ್ದಾನೆ ಅಂದ್ಕೊಂಡಿದ್ದೆ. ತಾನೇ ಯೋಚನೆ ಮಾಡಿ, ತಾನೇ ತಪ್ಪಾಯ್ತು ಅಂದವನು. ಅವನು ಬದಲಾಗಿಲ್ಲ ಅಂದ್ರೆ, ನಾನು ಇಷ್ಟು ವರ್ಷ ಮಾಡಿದ ಪಾಠಕ್ಕೆ ಏನರ್ಥ ಮಗಳೇ? ಅದಕ್ಕೇ… ನಂಬಿದೆ."

"ಮತ್ತೆ ಯಾಕೆ ತಿರುಗಿದ್ರಿ?"

"ನೀನು ಒಳ್ಳೆಯವನು ಅಂದಾಗ ನಿನ್ನ ಮುಖ ನೋಡೋಕಾಗ್ಲಿಲ್ಲ. ಹೆದರಿಕೆ ಆಯ್ತು. ತಿರುಗ್ಬಿಟ್ಟೆ."

"ನೀವು ತಿರುಗಿದ್ರೆ ನಾವು ಹೇಗೆ ತಿಳ್ಕೋತೀವಿ ಅಂತ ಗೊತ್ತಿರಲಿಲ್ವಾ?"

"ಹೇಗೆ?" ಎಂದರು ಅಪ್ಪ.

ಅವರ ಮುಖ ನೋಡಿದೆ. ನಾಟಕವಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಡೀ ಊರಿಗೆ, ಬೇಕರಿಯವರಿಗೆ, ಮಗ್ಗಿ ಬಾಯಿಗೆ ಬಾರದ ಮಕ್ಕಳಿಗೆ, ಅಮ್ಮನಿಗೆ ಗೊತ್ತಿದ್ದದ್ದು ಅವರೊಬ್ಬರಿಗೆ ಗೊತ್ತಿರಲಿಲ್ಲ.

ಹೇಳದೇ ಇರಬಹುದಿತ್ತು. ಆದರೆ ನಾನು ಹೇಳುವವಳು. "ಉತ್ತರ ಸರಿ ಇದ್ರೆ ನೀವು ತಿರುಗ್ತೀರಿ ಅಂತ ಊರಿಗೆಲ್ಲ ಗೊತ್ತು ಅಪ್ಪ. ನೀವು ತಿರುಗೋವರೆಗೂ ಬಾಯಿಗೆ ಬಂದಿದ್ದು ಹೇಳ್ತಿದ್ವಿ. ತಿರುಗಿದ್ರೆ ನಿಲ್ಲಿಸ್ತಿದ್ವಿ. ಯಾರೂ ಯೋಚನೆ ಮಾಡ್ತಿರಲಿಲ್ಲ. ಎಲ್ಲರೂ ನಿಮ್ಮ ಬೆನ್ನು ನೋಡ್ತಿದ್ವಿ, ಅಷ್ಟೇ. ನಾನೂ ಅವತ್ತು ಅದನ್ನೇ ನೋಡಿದ್ದು."

ಅಪ್ಪ ಬಹಳ ಹೊತ್ತು ನನ್ನನ್ನೇ ನೋಡಿದರು. ನಾನು ಹೇಳಿದ್ದು ತಪ್ಪೆಂದು, ಇನ್ನೂ ಸ್ವಲ್ಪ ಯೋಚಿಸು ಅನ್ನುತ್ತಾರೆಂದು ಕಾದೆ. ಅವರು ಕಷ್ಟಪಟ್ಟು ಮಗ್ಗುಲು ಹೊರಳಿ ಗೋಡೆಯ ಕಡೆ ತಿರುಗಿ ಮಲಗಿದರು. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಹೋದರು. ಹೇಳಬಾರದಿತ್ತು ಎಂದು ನನಗೆ ಅನ್ನಿಸಿಲ್ಲ. ಅಳು ಬಂತು, ಅದು ಬೇರೆ ವಿಷಯ.

ಭಾನುವಾರ ಹಾಲ್ ತುಂಬಿತ್ತು. ಕಿಟಕಿಯ ಹೊರಗೂ ಜನ. ಫೋಟೋ ವೇದಿಕೆಯ ಹಿಂದಿನ ಗೋಡೆಯಲ್ಲಿತ್ತು. ಕನ್ನಡಕ, ಅರೆನಗು. ಬೇಕರಿಯವರು ನಲ್ಲಿಯ ಕತೆ ಹೇಳಿ ನಗಿಸಿದರು. ಬಡಗಿ ಸೈಕಲ್ಲಿನ ಕತೆ ಹೇಳಿ ಅಳಿಸಿದ. ಬೆರಳಿಗೆ ಏಟಾಗಿತ್ತು ಎಂದನೇ ಹೊರತು ಯಾರಿಂದ ಎಂದು ಹೇಳಲಿಲ್ಲ, ಹೇಳುವಾಗ ನನ್ನ ಕಡೆ ನೋಡಲಿಲ್ಲ. ಮ್ಯಾನೇಜರ್ ಎದೆ ತಟ್ಟಿಕೊಂಡು, "ಮೇಷ್ಟ್ರು ನಮಗೆ ಒಂದೇ ಒಂದು ಉತ್ತರ ಹೇಳಿಕೊಡ್ಲಿಲ್ಲ. ನಾವು ಏನಾಗಿದ್ದೀವೋ ಅದು ನಾವೇ ಯೋಚನೆ ಮಾಡಿ ಕಂಡ್ಕೊಂಡಿದ್ದು" ಎಂದ. ಹದಿನಾಲ್ಕಾ ಸಾರ್, ಹದಿನಾರಾ ಸಾರ್ ಎಂದು ಕೂಗುತ್ತಿದ್ದವರಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಇವನದೇ.

ಆಮೇಲೆ ನನ್ನನ್ನು ಕರೆದರು. ನಾನು ಎದ್ದುಹೋಗಿ ಮೈಕಿನ ಮುಂದೆ ನಿಂತೆ. ಮಾತು ಸಿದ್ಧವಾಗಿತ್ತು, ಹಾದಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಎಡಗೈ ಎತ್ತಿ ತೋರಿಸುವುದು, ಇದು ಹೇಗಾಯಿತು ಗೊತ್ತಾ ಎಂದು ಶುರು ಮಾಡುವುದು, ನಿಮ್ಮ ಮೇಷ್ಟ್ರಿಗೆ ಗೊತ್ತಿತ್ತು ಎಂದು ಮುಗಿಸುವುದು.

ಎದುರಿಗೆ ಮುಖಗಳಿದ್ದವು. ಬೇಕರಿಯವರು ಬಾಯಿ ಅರ್ಧ ತೆರೆದು ಕೂತಿದ್ದರು. ಬಡಗಿ ತನ್ನ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಮುದುಕಿ ಆಗಲೇ ಕಣ್ಣಿಗೆ ಸೆರಗು ಹಚ್ಚಿದ್ದಳು. ಎಲ್ಲರೂ ನನ್ನ ಬಾಯಿಂದ ಬೀಳುವ ಮಾತಿಗೆ, ಅದನ್ನು ಪ್ರೀತಿಸಲು ತಯಾರಾಗಿ ಕಾಯುತ್ತಿದ್ದರು. ಮ್ಯಾನೇಜರ್ ಪಕ್ಕದಿಂದ, "ಹೇಳಿ ಅಕ್ಕಾ. ನಾವು ಮೇಷ್ಟ್ರ ಬಗ್ಗೆ ಹೇಳಿದ್ದೆಲ್ಲ ಸರಿ ತಾನೇ?" ಎಂದ.

ಬಾಯಿ ತೆರೆದೆ. ಇಡೀ ಊರಿಗೆ ಬಾಯಿಬಡುಕಿಯಾದ ನನಗೆ ನಾಲಗೆ ಏಳಲಿಲ್ಲ. ಆ ಮುಖಗಳನ್ನು ನೋಡಲಾಗಲಿಲ್ಲ, ಹೆದರಿಕೆಯಾಯಿತು. ಗೋಡೆಯ ಕಡೆ ತಿರುಗಿದೆ. ಫೋಟೋ ಸೊಟ್ಟಗಿದೆಯೇನೋ ಎಂಬಂತೆ ಎರಡೂ ಕೈಯಿಂದ ಅದರ ಚೌಕಟ್ಟು ಹಿಡಿದುಕೊಂಡೆ.

ಆಮೇಲೆ ನನ್ನ ಬೆನ್ನ ಹಿಂದೆ ಚಪ್ಪಾಳೆ ಶುರುವಾಯಿತು. ಮೊದಲು ಒಬ್ಬರು, ಆಮೇಲೆ ಇಡೀ ಹಾಲ್. "ತಿರುಗಿದ್ರು! ಮೇಷ್ಟ್ರ ಹಾಗೇ ತಿರುಗಿದ್ರು!" ಎಂದು ಯಾರೋ ಅಳುತ್ತಾ ನಗುತ್ತಾ ಕೂಗಿದರು.

ಚಪ್ಪಾಳೆ ನಿಲ್ಲುವವರೆಗೂ ನಾನು ಚೌಕಟ್ಟು ಹಿಡಿದುಕೊಂಡೇ ನಿಂತಿದ್ದೆ. ಫೋಟೋ ನೆಟ್ಟಗೇ ಇತ್ತು. ಸ್ಕ್ರೂ ನಾನೇ ಕೊಟ್ಟದ್ದು.